ಆಕ್ಸಲಾಟಲ್‌ಗೆ ಜೊತೆ ಹುಡುಕಿದ್ದು

ನಮ್ಮ ಮನೆಗೆ ಎಸಿ ಬಂದದ್ದು ನನಗೋಸ್ಕರ ಅಲ್ಲ ಮಾರಾಯ್ರೆ. ಮದುವೆಯಾಗಿ ಇಷ್ಟು ವರ್ಷ ಈ ಕಾಪು ಊರಿನ ಸೆಕೆಯಲ್ಲಿ ಬೆವರು ಒರೆಸಿಕೊಂಡು ಅಕ್ಕಿ ಪತ್ತಿರ್ ರೊಟ್ಟಿ ತಟ್ಟಿದವಳು ನಾನು. ಒಂದು ದಿನ ಯಾರಿಗೂ ಕನಿಕರ ಹುಟ್ಟಲಿಲ್ಲ. ಎಸಿ ಬಂದದ್ದು ಗೇಣುದ್ದದ, ಬಿಳಿಚಿಕೊಂಡ, ನಾಲ್ಕು ಕಾಲಿನ ಒಂದು ನೀರಿನ ಪ್ರಾಣಿಗೆ. ಆಕ್ಸಲಾಟಲ್ ಅಂತೆ ಅದರ ಹೆಸರು. ನನ್ನ ನಾಲಿಗೆ ಅದಕ್ಕೆ ಹೊರಳಲಿಕ್ಕೇ ಒಂದು ವಾರ ಬೇಕಾಯಿತು.

ತಂದದ್ದು ಮಗಳು. ಮಣಿಪಾಲದಲ್ಲಿ ಲ್ಯಾಬ್ ಕೆಲಸ ಕಲಿಯುತ್ತಿದ್ದಳು, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಅವಳ ಗೆಳತಿಯೊಬ್ಬಳು ಓದು ಮುಗಿಸಿ ಊರಿಗೆ ಹೊರಟವಳು, ಸಾಕುವವರು ಯಾರೂ ಸಿಗಲಿಲ್ಲವೆಂದು ಇವಳ ಕೈಗೆ ಹಿಡಿಸಿದ್ದಾಳೆ. ಇವಳು ಥರ್ಮೊಕೋಲ್ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಬಂದಳು. ಥರ್ಮೊಕೋಲ್ ಪೆಟ್ಟಿಗೆ ಕಂಡರೆ ನಮಗೆ ಇನ್ನೆಂತ ನೆನಪಾಗುತ್ತದೆ? ಅಂಜಲ್ ಮೀನು ಇರಬೇಕೆಂದು ನಾನು ಮಸಾಲೆಗೆ ಮೆಣಸು ನೆನೆಹಾಕಿ ಬಂದೆ. ಮುಚ್ಚಳ ತೆಗೆದರೆ, ಯಾ ಅಲ್ಲಾಹ್, ಕುತ್ತಿಗೆಯ ಎರಡೂ ಬದಿಗೆ ಕೆಂಪು ಗರಿ ಅಂಟಿಸಿಕೊಂಡ ಒಂದು ಜಂತು ನನ್ನನ್ನು ನೋಡಿ ನಗುತ್ತಾ ಉಂಟು!

"ಉಮ್ಮ, ಅದು ನಗುವುದಲ್ಲ, ಅದರ ಬಾಯಿಯೇ ಹಾಗೆ" ಅಂದಳು ಮಗಳು. ಆ ಗರಿಗಳೇ ಅದರ ಕಿವಿರು, ಅದರಲ್ಲೇ ಉಸಿರಾಡುವುದು ಎಂದೂ ಹೇಳಿದಳು. ನಗಲಿ ಬಿಡಲಿ, ನನಗೆ ಅದನ್ನು ಕಂಡರಾಗುತ್ತಿರಲಿಲ್ಲ.

ಇವರಿಗೆ ಮಾತ್ರ ಅದು ಬಹಳ ಹಿಡಿಸಿತು. ಇವರೆಂದರೆ ನನ್ನ ಗಂಡ. ಪ್ರಾಯದ ಕಾಲವೆಲ್ಲ ದುಬೈಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕಳೆದು ಆಗಷ್ಟೇ ಊರಿಗೆ ಬಂದಿದ್ದರು. ಮಗಳು ತರಬೇತಿಗೆಂದು ಕಾರ್ಕಳದ ಆಸ್ಪತ್ರೆಗೆ ಸೇರಿ ಅಲ್ಲೇ ಉಳಿಯುವಾಗ ಪ್ರಾಣಿಯನ್ನು ಉಪ್ಪನಿಗೆ, ಎಂದರೆ ಇವರಿಗೆ, ಒಪ್ಪಿಸಿ ಹೋದಳು. ನೀರು ತಂಪಾಗಿರಬೇಕು, ಬೆಳಕು ಕಣ್ಣಿಗೆ ಹೊಡೆಯಬಾರದು, ಅಡಗಲಿಕ್ಕೆ ಜಾಗ ಬೇಕು, ಕೈಯಲ್ಲಿ ಮುಟ್ಟಬಾರದು. ಇವರು ಶಾಲೆ ಮಗುವಿನ ಹಾಗೆ ತಲೆಯಾಡಿಸಿ ಕೇಳಿದರು. ಮರುದಿನವೇ ಅದರ ಗಾಜಿನ ಟ್ಯಾಂಕು ಇದ್ದ ಹಿಂದಿನ ಕೋಣೆಗೆ ಎಸಿ ಬಂತು. ನನ್ನ ಹೊಟ್ಟೆ ಉರಿದದ್ದು ಎಷ್ಟೆಂದು ನಾನು ಹೇಳುವುದಿಲ್ಲ.

ಒಡೆದ ಮಣ್ಣಿನ ಮಡಕೆಯನ್ನು ಕಲ್ಲಿಗೆ ಉಜ್ಜಿ, ಅಂಚು ನುಣ್ಣಗೆ ಮಾಡಿ, ಇವರು ಅದಕ್ಕೆ ಮನೆ ಮಾಡಿಕೊಟ್ಟರು. ತೆಂಗಿನ ಬುಡ ಅಗೆದು ಎರೆಹುಳ ತಂದು ಚಿಮಟದಲ್ಲಿ ಹಿಡಿದು ತಿನ್ನಿಸುವುದು. ಅದೂ ಒಂದೇ ಕಡೆ ಅಲ್ಲ, ಇವತ್ತು ಈ ಮೂಲೆ, ನಾಳೆ ಆ ಮೂಲೆ. "ಹುಡುಕಿ ತಿಂದರೆ ಅದಕ್ಕೂ ಒಂದು ಖುಷಿ ಅಲ್ವಾ" ಅನ್ನುತ್ತಿದ್ದರು. ಕರೆಂಟು ಹೋದರೆ ಫ್ರಿಜ್ಜಿನಿಂದ ಐಸು ಕಟ್ಟಿದ ಬಾಟಲಿ ತಂದು ನೀರಲ್ಲಿ ತೇಲಿಬಿಡುವುದು. ಉಳಿದ ಹೊತ್ತೆಲ್ಲ ಅದರೆದುರು ಕುರ್ಚಿ ಹಾಕಿಕೊಂಡು ಕೂರುವುದು. ಅದೂ ಮಾತಾಡುವುದಿಲ್ಲ, ಇವರೂ ಮಾತಾಡುವುದಿಲ್ಲ.

ನನಗೆ ಮಂಡೆಬಿಸಿ ಸುರುವಾದದ್ದು ಅಲ್ಲಿಂದ. ದುಬೈಯ ಅಂಗಡಿಯ ಸೇಟ್ ಆಗಾಗ ಫೋನ್ ಮಾಡುತ್ತಿದ್ದ: ನಿನ್ನಂಥವನು ಇಲ್ಲಿ ಸಿಗುವುದಿಲ್ಲ, ವಾಪಸ್ ಬಾ. ಇವರು "ನೋಡುವ, ನೋಡುವ" ಎನ್ನುತ್ತಿದ್ದರು. ಬರುವುದಿಲ್ಲ ಎಂಬ ಮಾತು ಒಂದು ಸಲವೂ ಬಾಯಿಂದ ಹೊರಡಲಿಲ್ಲ. ಇವರಿಗೆ ಇಲ್ಲಿ ಬೇಜಾರು, ಹೀಗೇ ಬಿಟ್ಟರೆ ಮತ್ತೆ ವಿಮಾನ ಹತ್ತಿಬಿಡುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಫೋನಿನಲ್ಲಿ ಸಂಸಾರ ಮಾಡಿ ಮಾಡಿ ನನಗೆ ಸಾಕಾಗಿತ್ತು. ಇನ್ನೊಮ್ಮೆ ನನ್ನಿಂದ ಆಗುವುದಿಲ್ಲ.

ಬೇಜಾರಿಗೆ ನಾವು ಬಲ್ಲ ಮದ್ದು ಒಂದೇ, ಜನ. ನಾನು ಹುಟ್ಟಿದ್ದು ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಎಲ್ಲರೂ ಕೈ ಹಾಕಿ ಉಣ್ಣುವ ಮನೆಯಲ್ಲಿ. ಯಾರಾದರೂ ಒಬ್ಬರೇ ಕೂತು ಉಂಡರೆ ಜ್ವರವಾ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಹಾಗಾಗಿ ದಿನಾ ಸಂಜೆ ಯಾರನ್ನಾದರೂ ಚಹಾಕ್ಕೆ ಕರೆದೆ. ನನ್ನ ತಮ್ಮಂದಿರು, ಅವರ ಹೆಂಡತಿಯರು, ಪಡುಬಿದ್ರಿಯ ನಾದಿನಿ, ಅವಳ ಮಕ್ಕಳು. ಸಮೋಸ ಕರಿದು ಕರಿದು ಕೈ ಸೋತಿತು. ಇವರು ಎಲ್ಲರಿಗೂ ಸಲಾಂ ಹೇಳಿ, ಅರ್ಧ ಲೋಟ ಚಹಾ ಕುಡಿದು, "ನೀರು ನೋಡಿ ಬರುತ್ತೇನೆ" ಎಂದು ಹಿಂದಿನ ಕೋಣೆಗೆ ಹೋದರೆ ಮತ್ತೆ ಪತ್ತೆಯಿಲ್ಲ. ಮಕ್ಕಳು ಹಿಂದೆಯೇ ಓಡಿಹೋಗಿ ಗಾಜು ತಟ್ಟುತ್ತಿದ್ದವು. ಪ್ರಾಣಿ ಮಡಕೆಯೊಳಗೆ ಸೇರಿಕೊಳ್ಳುತ್ತಿತ್ತು. ಇವರಿಗೆ ಸೇರಿಕೊಳ್ಳಲಿಕ್ಕೆ ಮಡಕೆ ಇರಲಿಲ್ಲ, ಅಷ್ಟೇ.

ಒಂದು ಬೆಳಿಗ್ಗೆ ಇವರು ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡು, "ಉಡುಪಿಗೆ ಹೋಗಿ ಬರುತ್ತೇನೆ" ಅಂದರು. ಎಂತಕ್ಕೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವೇ ಬರಲಿಲ್ಲ.

ಇವರು ಹೋದ ಮೇಲೆ ಆ ಕೋಣೆಗೆ ಹೋಗಿ ಆ ಕುರ್ಚಿಯಲ್ಲಿ ಕೂತೆ. ಪ್ರಾಣಿ ತಳದಲ್ಲಿ ಕಲ್ಲಿನ ಹಾಗೆ ಬಿದ್ದುಕೊಂಡಿತ್ತು. ಮೊದಲ ಸಲ ಅದರ ಮೇಲೆ ಪಾಪ ಅನ್ನಿಸಿತು. ಜೊತೆಗೆ ಒಂದು ನರಪಿಳ್ಳೆ ಇಲ್ಲ, ಉಣ್ಣುವಾಗಲೂ ಒಂಟಿ. ಇದನ್ನು ದಿನಾ ನೋಡಿಯೇ ಇವರು ಹೀಗಾದದ್ದು ಎಂದು ನನ್ನ ಬುದ್ಧಿಗೆ ಹೊಳೆಯಿತು ನೋಡಿ! ನಮ್ಮ ಕಡೆ ಮೀನು ಬಿಡದ ಬಾವಿ ಇಲ್ಲ. ಸೊಳ್ಳೆ ಮರಿ ತಿನ್ನುತ್ತದೆ, ನೀರಿಗೂ ಜೀವ ಇರುತ್ತದೆ ಎಂದು ಬಿಡುವುದು. ನಮ್ಮ ಬಾವಿಯಲ್ಲೂ ಬೆರಳುದ್ದದ ಮೀನುಗಳು ಬೇಕಾದಷ್ಟು ಇದ್ದವು, ನೀರು ಸೇದಿದರೆ ಕೊಡಪಾನದಲ್ಲೇ ಬರುತ್ತಿದ್ದವು. ಚುರುಕಾದವನ್ನು ಆರಿಸಿ ತಂದು ಅದರ ಟ್ಯಾಂಕಿಗೆ ಬಿಟ್ಟೆ. ನೀರೆಲ್ಲ ಮಿಣಿಮಿಣಿ ಓಡಾಟ. ನನಗೆ ಎಷ್ಟು ಖುಷಿಯಾಯಿತೆಂದರೆ, "ಮಾತಾಡಿಕೊಂಡಿರಿ" ಎಂದು ಹೇಳಿ ಅಡುಗೆಗೆ ಹೋದೆ.

ಸಂಜೆ ಇವರು ಬಂದವರೇ ಆ ಕೋಣೆಗೆ ಹೋದರು. ಕೂಗಾಡಲಿಲ್ಲ. ಯಾರಾದರೂ ಸತ್ತ ಸುದ್ದಿ ಹೇಳುವಾಗಿನ ಸ್ವರದಲ್ಲಿ ನನ್ನನ್ನು ಕರೆದರು. ಹೋಗಿ ನೋಡಿದರೆ ಆ ಕೆಂಪು ಗರಿಗಳು ಒಂದು ಬದಿಯಲ್ಲಿ ಇಲ್ಲವೇ ಇಲ್ಲ, ಬರೀ ಮೋಟು. ಮೀನುಗಳು ಹುಳವೆಂದು ತಿಳಿದು ಕಚ್ಚಿ ಕಚ್ಚಿ ಎಳೆದಿವೆ. ಪ್ರಾಣಿ ಮಡಕೆಯ ಒಳಗೆ ಮುಖ ಹಾಕಿ ನಿಂತಿದೆ, ಅಲ್ಲಿಗೂ ಒಂದು ಮೀನು ನುಗ್ಗುತ್ತಾ ಉಂಟು.

"ಎಂತ ಮಾಡಿದೆ ಮಾರಾಯ್ತಿ" ಅಂದರು, ಅಷ್ಟೇ. ಒಂದು ದೊಡ್ಡ ಟಬ್ಬಿಗೆ ತಣ್ಣೀರು ತುಂಬಿಸಿ, ಮೆಲ್ಲ ಅದನ್ನು ಅಲ್ಲಿಗೆ ದಾಟಿಸಿ, ಮೇಲಿಂದ ಟವೆಲ್ ಮುಚ್ಚಿ ಕತ್ತಲು ಮಾಡಿದರು. ಆಮೇಲೆ ಟ್ಯಾಂಕಿನ ಮೀನುಗಳನ್ನು ಒಂದೊಂದಾಗಿ ಹಿಡಿದು ಕೊಡಪಾನಕ್ಕೆ ಹಾಕಿದರು. ಅದನ್ನು ನೋಡಿ ನನಗೆ ತಡೆಯಲಿಲ್ಲ.

"ಒಂಟಿ ಇತ್ತಲ್ಲ, ಅದಕ್ಕೆ ಜೊತೆ ಬಿಟ್ಟೆ. ನೀವೂ ಹೀಗೆಯೇ ಕೂತಿರುತ್ತೀರಿ. ನಾನು ಊರನ್ನೇ ಕರೆದರೂ ನಿಮಗೆ ಆಗುವುದಿಲ್ಲ. ಇವತ್ತು ಪಾಸ್‌ಪೋರ್ಟ್ ಹಿಡಿದುಕೊಂಡು ಹೋದಿರಿ. ಹೋಗುವುದಾದರೆ ಬಾಯಿಬಿಟ್ಟು ಹೇಳಿ ಹೋಗಿ!"

ಇವರು ಟಬ್ಬಿನ ಪಕ್ಕ ನೆಲದಲ್ಲೇ ಕೂತರು. ಮದುವೆಯಾದ ಮೇಲೆ ಇವರು ಒಮ್ಮೆಗೇ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ.

"ಅಲ್ಲಿ ನಮ್ಮ ಕೋಣೆಯಲ್ಲಿ ಮಂಚದ ಮೇಲೆ ಮಂಚ. ಒಬ್ಬ ಮಲಗುವಾಗ ಇನ್ನೊಬ್ಬನ ಅಲಾರಾಂ. ಒಬ್ಬನ ಟಿವಿ, ಒಬ್ಬನ ಜಗಳ, ಒಬ್ಬ ಹೆಂಡತಿ ಹತ್ತಿರ ಮಾತಾಡುವುದು ಎಲ್ಲರಿಗೂ ಕೇಳುತ್ತದೆ. ನನ್ನ ತಾಯಿ ತೀರಿಕೊಂಡಾಗ ಅಳಲಿಕ್ಕೆಂದು ಬಾತ್‌ರೂಮಿಗೆ ಹೋದೆ. ಹೊರಗಿನಿಂದ ಬಾಗಿಲು ಬಡಿದರು, ಬೇಗ ಬಾ ಎಂದು. ಊರಿಗೆ ಹೋದರೆ ಒಂದು ಕುರ್ಚಿ, ಒಂದು ಕೋಣೆ, ಯಾರೂ ಎಂತದೂ ಕೇಳಬಾರದು, ಅಷ್ಟು ಸಾಕು ಎಂದು ಲೆಕ್ಕ ಹಾಕಿದ್ದೆ. ಇಲ್ಲಿ ನೀನು ದಿನಾ ಕಾಪುವನ್ನೇ ಮನೆಯೊಳಗೆ ತಂದು ಕೂರಿಸುತ್ತಿ. ಇದಕ್ಕಿಂತ ಅಲ್ಲಿಯೇ ವಾಸಿ ಅನ್ನಿಸಿತು. ಹೌದು, ಇವತ್ತು ಟ್ರಾವೆಲ್ಸಿನವರ ಹತ್ತಿರ ವಿಚಾರಿಸಲಿಕ್ಕೇ ಹೋದದ್ದು."

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ಹಾಗಾದರೆ ನಾನೂ ಆ ಕಾಪುವಿನಲ್ಲಿ ಸೇರಿದವಳಾ?"

ಇವರು ನನ್ನ ಕಡೆ ತಿರುಗಿದರು. "ಅಲ್ಲ. ನೀನು ಇರು. ಸುಮ್ಮನೆ ಇರು."

ಸುಮ್ಮನೆ ಇರುವುದು! ನನಗೆ! ಪರ್ವತ ಹೊರು ಎಂದಿದ್ದರೆ ಪ್ರಯತ್ನ ಮಾಡುತ್ತಿದ್ದೆ. ಆದರೂ ಮರುದಿನ ಎಲ್ಲರಿಗೂ ಫೋನ್ ಮಾಡಿ, ಸ್ವಲ್ಪ ದಿನ ಬರಬೇಡಿ ಅಂದೆ. ನಾದಿನಿಗೆ ಬೇಸರವಾಯಿತು, ಆಗಲಿ. ಕಾರ್ಕಳದಿಂದ ಮಗಳು ಫೋನಿನಲ್ಲೇ ನನಗೆ ಸರೀ ಬೈದಳು. ಆಮೇಲೆ, ನೀರು ದಿನಾ ಬದಲಿಸಿದರೆ ಕಿವಿರು ಮತ್ತೆ ಚಿಗುರುತ್ತದೆ, ಅಳಬೇಡ ಉಮ್ಮ ಅಂದಳು. ನೀರು ನಾನು ಸೇದಿದೆ, ಇವರು ಬದಲಿಸಿದರು. ಇನ್ನೊಂದು ಕುರ್ಚಿ ತಂದು ಇವರ ಪಕ್ಕ ಹಾಕಿಕೊಂಡೆ. ಮೊದಮೊದಲು ನಾಲಿಗೆ ತುರಿಸುತ್ತಿತ್ತು, ತಸ್ಬೀಹ್ ಹಿಡಿದುಕೊಂಡು ಮಣಿ ಎಣಿಸುತ್ತಾ ಕೂತೆ. ನಿಧಾನಕ್ಕೆ ಆ ಮೋಟುಗಳ ತುದಿಯಲ್ಲಿ ಕೂದಲೆಳೆಯಂಥ ಕೆಂಪು ಹೊರಟಿತು. ನಾನು ಇವರ ಕೈ ಹಿಡಿದು ತೋರಿಸಿದೆ. ಆಗಲೂ ಮಾತಾಡಲಿಲ್ಲ, ದೇವರಾಣೆ.

ಆ ದಿನಗಳಲ್ಲೇ ಒಂದು ಸಂಜೆ ಸೇಟ್ ಮತ್ತೆ ಫೋನ್ ಮಾಡಿದ. ವೀಸಾಕ್ಕೆ ಹಾಕುವುದಾ ಬೇಡವಾ, ಇವತ್ತೇ ಹೇಳು ಎಂದ. ಅವನ ಸ್ವರ ನನ್ನ ಕುರ್ಚಿಯವರೆಗೂ ಕೇಳುತ್ತಿತ್ತು. ಬೇಡ ಅನ್ನಿ ಎಂದು ಕಿರುಚಬೇಕೆಂದು ನನ್ನ ಗಂಟಲವರೆಗೂ ಬಂದದ್ದನ್ನು ನುಂಗಿಕೊಂಡೆ. ಇವರು ಟ್ಯಾಂಕನ್ನು ನೋಡಿದರು. ಆಮೇಲೆ ನನ್ನ ಕಡೆ ನೋಡಿದರು.

"ಇಲ್ಲ ಸೇಟ್, ನಾನು ಬರುವುದಿಲ್ಲ" ಅಂದರು. "ಇಲ್ಲಿ ನನಗೆ ಜನ ಉಂಟು."

ಆ ಹೊತ್ತಿಗೆ ಮನೆಯಲ್ಲಿ ಇದ್ದದ್ದು ನಾನೊಬ್ಬಳೇ.