ಮಲಗಿಸಿಟ್ಟ ಸಿಲಿಂಡರ್

ವೈನಿ, ಅವತ್ತು ನೀವು ಒಲೆ ಬಂದ್ ಮಾಡಲು ಮರೆತಿರಲಿಲ್ಲ. ಬೆಳಿಗ್ಗೆ ಚಹಾ ಇಳಿಸಿದ ಮೇಲೆ ನಾಬ್ ತಿರುಗಿಸಿದ್ದಿರಿ, ಸರಿಯಾಗಿಯೇ ತಿರುಗಿಸಿದ್ದಿರಿ — ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ನಿಮ್ಮ ಕೈ ಸುಟ್ಟಿದ್ದು ನನ್ನಿಂದ. ಮರೆವು ನಿಮ್ಮದು ಎಂದು ನಾನು ಹೇಳಿದ್ದು ಸುಳ್ಳು. ಆ ಸುಳ್ಳನ್ನು ಇಷ್ಟು ವರ್ಷ ಸಾಕಿಕೊಂಡು ಬಂದೆ.

ಹೇಗೆ ಹೇಳಲಿ — ಮೊದಲಿನಿಂದಲೇ ಹೇಳುತ್ತೇನೆ. ನಾನು ಒಳಗೇ ಒಲೆ, ಹಾಸಿಗೆ ಇರುವ ಆ ಹಳೇ ಮೋಟರ್‌ಹೋಮ್ ಕೊಂಡಾಗ ಅಣ್ಣ ನಕ್ಕಿದ್ದ. "ಪಾಯಿಂಟ್ ಕುಕ್‌ನಾಗ ನಿಂದ ಅಷ್ಟ ದೊಡ್ಡ ಮನಿ ಐತಿ, ಹಾದಿಮ್ಯಾಲೆ ಮಲಗೂ ಹುಚ್ಚು ಯಾಕೋ ಗಿರ್ಯಾ?" ಅಂದಿದ್ದ. ಬೇರೆ ಯಾರಾದರೂ ಆಗಿದ್ದರೆ ತಾವೂ ನಕ್ಕು ಬಿಡುತ್ತಿದ್ದರು. ನನಗೆ ಅದು ನಾಟಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಆ ಪೈಕಿ ನಾನು. ಮೆಲ್ಬರ್ನ್‌ನಿಂದ ಓಡಿಸಿಕೊಂಡು ಬಂದು, ಟೂಂಗಾಬಿಯ ನಿಮ್ಮ ಮನೆ ಮುಂದೆ ನಿಲ್ಲಿಸಿ, ನಿಮ್ಮಿಬ್ಬರನ್ನೂ ಹತ್ತಿಸಿಕೊಂಡು ಕಡಲ ದಂಡೆಯ ದಾರಿ ಹಿಡಿದೆನಲ್ಲ — ಈ ಪ್ರವಾಸದಲ್ಲಿ ಒಂದೇ ಒಂದು ಎಡವಟ್ಟೂ ಆಗಬಾರದೆಂದು ಹಠ ತೊಟ್ಟಿದ್ದೆ. ಆಯಿತೆಂದರೆ ಅಣ್ಣ ಮತ್ತೆ ನಗುತ್ತಾನೆ. ನನ್ನ ಭಯವೆಲ್ಲ ಅಷ್ಟೇ ಇತ್ತು, ನೋಡಿ.

ದಾರಿಯಲ್ಲಿ ಗ್ಯಾಸ್ ಮುಗಿಯುತ್ತಾ ಬಂತು. ನೀವಿಬ್ಬರೂ ಕಾಫಿ ತರಲು ಹೋದಾಗ ನಾನು ಪೆಟ್ರೋಲ್ ಬಂಕಿನಲ್ಲಿ ಸಿಲಿಂಡರ್ ಇಳಿಸಿದೆ. ಅಲ್ಲಿಯ ಹುಡುಗಿ ಅದರ ಕತ್ತಿನ ಮೇಲಿನ ಮುದ್ರೆ ನೋಡಿ, ಇದರ ಪರೀಕ್ಷೆಯ ಅವಧಿ ಮುಗಿದಿದೆ, ತುಂಬಿಸುವಂತಿಲ್ಲ ಎಂದಳು. ಗಾಡಿ ಕೊಳ್ಳುವಾಗಲೇ ನಾನು ನೋಡಬೇಕಿತ್ತು, ನೋಡಿರಲಿಲ್ಲ. ಹೊಸದೊಂದು ಕೊಂಡೆ. ಅಲ್ಲಿದ್ದದ್ದು ಒಂದೇ ಅಳತೆ, ನಮ್ಮದಕ್ಕಿಂತ ಎತ್ತರ. ತುಂಬಿಸಿ ಕೊಡುವಾಗ, ನಿಮ್ಮ ಗಾಡಿಯ ಗೂಡಿನಲ್ಲಿ ಇದು ನೆಟ್ಟಗೆ ನಿಲ್ಲುತ್ತದೆ ತಾನೆ ಎಂದು ಕೇಳಿದಳು. ನಿಲ್ಲುತ್ತದೆ ಎಂದೆ. ಎಲ್ಲಿ ನಿಲ್ಲುತ್ತದೆ — ಗೂಡಿನ ಬಾಗಿಲೇ ಹಾಕಲಾಗಲಿಲ್ಲ. ನೀವು ಕಾಫಿ ಹಿಡಿದು ಬರುವುದು ಕಾಣಿಸಿತು. ಸಿಲಿಂಡರನ್ನು ಅಡ್ಡ ಮಲಗಿಸಿ, ಪೈಪು ಜೋಡಿಸಿ, ಬಾಗಿಲು ಹಾಕಿದೆ.

ಹುಬ್ಬಳ್ಳಿಯಲ್ಲಿ ಅವ್ವ ಮಲಗಿಸುತ್ತಿದ್ದಳಲ್ಲ ಎಂದುಕೊಂಡೆ. ತಳದಾಗ ಇನ್ನೂ ಎರಡ ದಿನದ ರೊಟ್ಟಿ ಐತಿ ಅನ್ನುತ್ತಿದ್ದಳು, ನಿಮಗೂ ಗೊತ್ತು. ಆದರೆ ಅವಳು ಮಲಗಿಸುತ್ತಿದ್ದದ್ದು ಖಾಲಿಯಾಗುತ್ತಿದ್ದ ಸಿಲಿಂಡರ್, ಅದೂ ತಪ್ಪೇ. ನಾನು ಮಲಗಿಸಿದ್ದು ತುಂಬಿದ್ದನ್ನು. ನೆಟ್ಟಗಿದ್ದರೆ ಕೆಳಗೆ ದ್ರವ, ಮೇಲೆ ಅನಿಲ. ಮಲಗಿಸಿದರೆ ದ್ರವವೇ ಪೈಪಿಗೆ ನುಗ್ಗುತ್ತದೆ. ಎಂಜಿನಿಯರಿಂಗ್ ಓದಿದವನಿಗೆ ಇಷ್ಟು ಗೊತ್ತಿರಲಿಲ್ಲವೇ? ಗೊತ್ತಿತ್ತು, ವೈನಿ. ಒಂದು ಹೊತ್ತಿನ ಅಡುಗೆಗೆ ಏನಾದೀತು ಅಂದುಕೊಂಡೆ —

ಸಂಜೆ ನೀವು ಅನ್ನಕ್ಕಿಡಲು ಹೋದಿರಿ. ನಾಬ್ ತಿರುಗಿಸಿ ಲೈಟರ್ ಒತ್ತಿದ್ದೇ ತಡ, ಉರಿ ಚಾವಣಿ ಮುಟ್ಟಿತು. ನಿಮ್ಮ ಬಲಗೈ, ಹುಬ್ಬು, ಹಣೆಯ ಕೂದಲು. ಅಣ್ಣ ನಿಮ್ಮನ್ನು ಹೊರಗಿನ ನಲ್ಲಿಗೆ ಎಳೆದುಕೊಂಡು ಹೋದ. ನಾನು ಓಡಿ ಸಿಲಿಂಡರಿನ ವಾಲ್ವ್ ಮುಚ್ಚಿದೆ; ಅಲ್ಲಿಯವರೆಗೆ ಸರಿ. ಆಮೇಲೆ ಪೈಪು ಬಿಚ್ಚಿ, ಸಿಲಿಂಡರನ್ನು ಹೊರಗೆಳೆದು, ಹುಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದೆ. ಮಲಗಿತ್ತೆಂದು ಯಾರಿಗೂ ತಿಳಿಯಬಾರದಲ್ಲ. ನೀವು ನೋವಿಗೆ ನರಳುವುದು ಕೇಳಿಸುತ್ತಿತ್ತು. ಸಿಲಿಂಡರ್ ನೆಟ್ಟಗೆ ನಿಲ್ಲಿಸಿದ ಮೇಲೆಯೇ ನಾನು ನಿಮ್ಮ ಹತ್ತಿರ ಬಂದದ್ದು.

"ಹೆಂಗಾತೋ ಗಿರಿ ಇದು?" ಎಂದು ಕೇಳಿದಿರಿ.

"ಬಾಜೂ ಒಲಿ ನಾಬ್ ಚಾಲೂನ ಇತ್ರಿ ವೈನಿ. ಮುಂಜಾನೆ ಚಹಾ ಮಾಡಿ ಬಂದ್ ಮಾಡೂದು ಮರ್ತಿದ್ರಿ."

"ವಾಸನಿ ಬರಲಿಲ್ಲಲ್ಲೋ."

"ನಿಮಗ ನೆಗಡಿ ಆಗೇತಲ್ರಿ."

ನೆಗಡಿ ನಿಮಗಿತ್ತು. ಅಣ್ಣನಿಗಿರಲಿಲ್ಲ, ನನಗಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅದನ್ನು ಯಾರು ಯೋಚಿಸುತ್ತಾರೆ? ಆಸ್ಪತ್ರೆಯ ದಾರಿಯುದ್ದಕ್ಕೂ ಅಣ್ಣ ನಿಮ್ಮನ್ನೇ ಬೈದ. ನಾನು ಗಾಡಿ ಓಡಿಸುತ್ತಿದ್ದೆ.

ಕೈ ವಾಸಿಯಾಯಿತು. ನೀವು ವಾಸಿಯಾಗಲಿಲ್ಲ. ಹಬ್ಬ ಬಂದರೆ ಸುತ್ತಲಿನ ಮನೆಗಳಿಗೆಲ್ಲ ಹೋಳಿಗೆ ಮಾಡಿ ಹಂಚುತ್ತಿದ್ದವರು ಒಲೆಯ ಹತ್ತಿರ ಒಬ್ಬರೇ ನಿಲ್ಲುವುದನ್ನೇ ಬಿಟ್ಟಿರಿ. ಹೊರಗೆ ಹೊರಟರೆ ಕಾರಿನಿಂದ ಇಳಿದು ಮತ್ತೆ ಹೋಗಿ ನಾಬ್ ಮುಟ್ಟಿ ನೋಡಿ ಬರುತ್ತಿದ್ದಿರಿ. "ನಮ್ಮಾಕಿ ಕೈಯಾಗ ಕಡ್ಡಿಪೆಟ್ಟಿಗಿ ಕೊಡಬ್ಯಾಡ್ರಪಾ" ಎಂದು ಅಣ್ಣ ಬಂದವರೆದುರು ಚಾಷ್ಟಿ ಮಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ವೈನಿ.

ಈಗ ನಿಮ್ಮ ಮಗಳು ಮೇಘಾ ಇಲ್ಲೇ ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಹಡೆದಿದ್ದಾಳೆ. ಬಾಣಂತನಕ್ಕೆ ನೀವು ಬರುವುದಿಲ್ಲ ಎಂದಿರಿ. ಕಳೆದ ವಾರ ನೋಡಲು ಹೋದರೆ, ಹಸಿ ಬಾಣಂತಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಯ ಫ್ರೋಜನ್ ಪರಾಠಾ ಬಿಸಿ ಮಾಡುತ್ತಿದ್ದಳು. "ಕಾಕಾ, ಪ್ಲೀಸ್, ಯೂ ಟಾಕ್ ಟು ಹರ್. ನಿಮ್ಮ ಮಾತು ಕೇಳ್ತಾಳ" ಎಂದು ಅತ್ತಳು. ಅಲ್ಲಿಂದಲೇ ನಿಮಗೆ ಫೋನ್ ಮಾಡಿದೆ. ಯಾರು ಮರೆಯೋದಿಲ್ಲ ಹೇಳ್ರಿ? ಎಲ್ಲಾರೂ ಮರೀತಾರ ಎಂದೆ. ಆಗಲೂ ಅದೇ ಸುಳ್ಳು.

ನೀವು ಹೇಳಿದಿರಿ: "ಬ್ಯಾಡೋ ಗಿರಿ, ಕೂಸಿರೋ ಮನಿ ಅದು. ಎಲ್ಲಾರೂ ನನಗ ಸಮಾಧಾನ ಹೇಳ್ತಾರ. ಖರೇ ಹೇಳಿದಾಂವ ಅಂದ್ರ ನೀ ಒಬ್ಬನ."

ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬೇರೆ ಪದವಿಲ್ಲ.

ನಾಳೆ ಟೂಂಗಾಬಿಗೆ ಬರುತ್ತೇನೆ. ಇದನ್ನೆಲ್ಲ ಅಣ್ಣನ ಎದುರಿಗೇ ಹೇಳುತ್ತೇನೆ. ಬಾಯಿ ತಡವರಿಸಿದರೆ ಓದಿಯಾದರೂ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಅದೇ ಬೇಡ.

ನಿನ್ನೆ ಮೇಘಾಗೆ ಹೇಳಿದೆ. ಅವಳು ಎದ್ದು ಬಂದು ನನ್ನ ತೊಡೆಯ ಮೇಲಿದ್ದ ಕೂಸನ್ನು ಎತ್ತಿಕೊಂಡಳು. "ಹೋಗಿ ಅಮ್ಮನ್ನ ಕರ್ಕೊಂಡು ಬರ್ರಿ ಕಾಕಾ" ಎಂದಳು. "ಬಾಗಿಲ ತನಕ ಬಿಟ್ರ ಸಾಕು."

ಬಾಗಿಲ ತನಕ ಬಿಡುತ್ತೇನೆ, ವೈನಿ. ಒಳಗೆ ನೀವೊಬ್ಬರೇ ಹೋಗಿ.