ಹೌಸಿಂಗಿನೊಳಗೆ ನುಗ್ಗಿದ ನೀರು

1977ರಲ್ಲಿ ನಾನು ಮಲಾಡಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಡಿಸೈನ್ ಎಂಜಿನಿಯರ್. ಧಾರವಾಡದಿಂದ ಬಂದವನ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ, ಜಂಬ ಮಾತ್ರ ಚೀಫ್ ಎಂಜಿನಿಯರದು! ಎಣ್ಣೆಬಾವಿಯ ಆಳಕ್ಕೆ ಇಳಿಸುವ ಉಪಕರಣಗಳಿಗೆ ನಾವು ಹೌಸಿಂಗ್, ಅಂದರೆ ದಪ್ಪ ಉಕ್ಕಿನ ಕವಚ, ಮಾಡುತ್ತಿದ್ದೆವು. ಆ ಆಳದ ಒತ್ತಡದಲ್ಲಿ ಹನಿ ನೀರು ಒಳಹೊಕ್ಕರೂ ಉಪಕರಣ ಕೆಟ್ಟಂತೆಯೇ.

ಕವಚ ತಡೆದೀತೇ ಎಂದು ತಿಳಿಯಲು ನಾನು ಫೈನೈಟ್ ಎಲಿಮೆಂಟ್ ಲೆಕ್ಕ ಮಾಡಿದ್ದೆ. ಅದರ ಚಿತ್ರವನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದು, ಒಂದೊಂದೂ ತಾಳಬೇಕಾದ ಸ್ಟ್ರೆಸ್ ಎಷ್ಟೆಂದು ಕಂಪ್ಯೂಟರಿನಿಂದ ತೆಗೆಸುವುದು. ಕಂಪ್ಯೂಟರ್ ಇದ್ದದ್ದು ನಗರದ ಇನ್ನೊಂದು ತುದಿಯ ಫೋರ್ಟಿನಲ್ಲಿ. ಲೆಕ್ಕವನ್ನು ತೂತುಗಳಾಗಿ ಕೊರೆದ ನಾಲ್ಕುನೂರು ಪಂಚ್ ಕಾರ್ಡುಗಳ ಡಬ್ಬಿಯನ್ನು ಎದೆಗವಚಿಕೊಂಡು ಲೋಕಲ್ ರೈಲಿನಲ್ಲಿ ಹೋಗುತ್ತಿದ್ದೆ. ಮುಚ್ಚಳದಲ್ಲಿ, ನೀರು ತಡೆಯುವ ಓ-ರಿಂಗ್ ಎಂಬ ರಬ್ಬರ್ ಬಳೆ ಕೂರುವ ಗ್ರೂವಿನಲ್ಲಿ ಸ್ಟ್ರೆಸ್ ಎಲ್ಲಕ್ಕಿಂತ ಹೆಚ್ಚಿತ್ತು. ಆದರೂ ಕವಚ ತಡೆಯುತ್ತದೆ ಎಂದಿತು ಕಂಪ್ಯೂಟರ್.

ದಸರೆ ಮುಗಿದ ವಾರ ಪರೀಕ್ಷೆಯಾಯಿತು. ಹೌಸಿಂಗನ್ನು ನೀರಿನ ಟ್ಯಾಂಕಿನಲ್ಲಿಟ್ಟು ಒತ್ತಡ ಏರಿಸಿ, ಆಮೇಲೆ ಬಿಚ್ಚಿದರೆ ಒಳಗೆ ಒಂದು ಚರಿಗೆ ನೀರು!

ಬೆಳಗಾವಿ ಕಡೆಯ ಮ್ಯಾನೇಜರ್ ಪಾಟೀಲರು, "ತಪ್ಪು ಎಲ್ಲೈತಿ ಹುಡುಕ್ರಿ. ಸಿಗಲಿಲ್ಲಂದ್ರ ನಿಮ್ಮ ಕನ್‌ಫರ್ಮೇಷನ್ ಮರತಬಿಡ್ರಿ" ಎಂದರು.

ಲೇಥ್ ಮೇಲೆ ಕವಚ ಕಡೆಯುವ ವಿಜಾಪುರದ ಟರ್ನರ್ ದಸ್ತಗೀರಸಾಬರು ಮೆಲ್ಲಗೆ, "ಸಾಹೇಬ್ರ, ಒಮ್ಮೆ ಆ ರಿಂಗ್ ತಗದು ನೋಡೂಣೇನ್ರಿ?" ಎಂದರು.

"ಮುಟ್ಟಬ್ಯಾಡ್ರಿ! ಅದು ಸಾಕ್ಷಿ!" ಎಂದು ಗದರಿ, ಮುಚ್ಚಳವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕಂಪ್ಯೂಟರ್ ತೋರಿಸಿದ ಗ್ರೂವಿನ ಹತ್ತಿರವೇ ನೀರು ನುಗ್ಗಿತ್ತಲ್ಲ, ಲೆಕ್ಕವೇ ತಪ್ಪಿದೆ ಎಂದು ನಂಬಿಬಿಟ್ಟೆ. ಮೂರು ಸಲ ಫೋರ್ಟಿಗೆ ಹೋದೆ. ಮೂರು ಸಲವೂ ಅದೇ ಉತ್ತರ. ಊಟ ರುಚಿಸಲಿಲ್ಲ. ಗಂಟುಮೂಟೆ ಕಟ್ಟಿ ಧಾರವಾಡಕ್ಕೆ ಹೋದರೆ ಹೆಣ್ಣು ಕೊಟ್ಟ ಮಾವನವರಿಗೆ ಏನು ಹೇಳುವುದು ಎಂಬುದೇ ಚಿಂತೆ.

ಕೊನೆಗೆ ಸೋತು ಕಪಾಟು ತೆಗೆದೆ. ದಸ್ತಗೀರಸಾಬರು ರಿಂಗ್ ಎಬ್ಬಿಸಿದರು. ಕೆಳಗೆ ಗ್ರೀಸಿನಲ್ಲಿ ಒಂದು ಹಳದಿ ಅಕ್ಕಿಕಾಳು ಅಂಟಿಕೊಂಡಿತ್ತು. ಅದರ ಎರಡು ಬದಿಗೂ ರಿಂಗ್ ಕೂತಿರಲೇ ಇಲ್ಲ.

"ಯಾವ ಮಂಗ್ಯಾನ ಕೆಲಸರೀ ಇದು?" ಎಂದು ಹಾರಾಡಿದೆ.

"ದಸರಿ ಖಂಡೇಪೂಜಿ ದಿನ ಬಿಚ್ಚಿಟ್ಟ ಮುಚ್ಚಳದ ಮ್ಯಾಲೆ ಮಂತ್ರಾ ಹೇಳಿ ಅಕ್ಷತಿ ಹಾಕ್ದವ್ರು ನೀವಽ ಅಲ್ಲೇನ್ರಿ? ಸಾಕ್ರಿ ಅಂದ್ರೂ ಬಿಡಲಿಲ್ಲ. ಹೋಗ್ಲಿ ಬಿಡ್ರಿ, ಊದಿ ಒಗೀತೀನಿ. ಯಾರಿಗೂ ಗೊತ್ತಾಗಂಗಿಲ್ಲ" ಎಂದರು ದಸ್ತಗೀರಸಾಬರು.

ಆಸೆಯಾಯಿತು, ಸುಳ್ಳೇಕೆ ಹೇಳಲಿ? ಆದರೆ ಮೂರು ಸಲ ಸರಿಯುತ್ತರ ಕೊಟ್ಟ ಲೆಕ್ಕದ ಮೇಲೆ ಕಳಂಕ ಉಳಿಯುತ್ತದಲ್ಲ! ರಿಪೋರ್ಟಿನಲ್ಲಿ ಬರೆದೆ: "ಕಾರಣ: ಡಿಸೈನ್ ಎಂಜಿನಿಯರ್ ಸ್ವಹಸ್ತದಿಂದ ಹಾಕಿದ ಅಕ್ಕಿಕಾಳು."

ಪಾಟೀಲರು ಎರಡು ಸಲ ಓದಿದರು. "ಈ ಕಾಳಿಗೂ ಒಂದು ಕಾರ್ಡು ಪಂಚ್ ಮಾಡಿದ್ರ ಕಂಪ್ಯೂಟರ್ ಹೇಳ್ತಿತ್ತೇನೋ, ಶಾಸ್ತ್ರಿಗಳೇ!" ಎಂದು ಕಣ್ಣೀರು ಬರುವಂತೆ ನಕ್ಕರು. ಮರುದಿನದ ಪರೀಕ್ಷೆಯಲ್ಲಿ ಹೌಸಿಂಗಿನ ಒಳಗೆ ಒಂದು ಹನಿಯೂ ಇರಲಿಲ್ಲ. ಕನ್‌ಫರ್ಮೇಷನ್ ಪತ್ರವೂ ಕೈಗೆ ಬಂತು.

ಮುಂದೆ ನೂರಾರು ಹೌಸಿಂಗುಗಳ ಲೆಕ್ಕ ಮಾಡಿದೆ. ಏನಾದರೂ ಕೆಟ್ಟಾಗ ಕಂಪ್ಯೂಟರಿನ ಮೇಲೆ ಅನುಮಾನಪಡುವ ಮೊದಲು, ಆ ವಸ್ತುವನ್ನು ಮುಟ್ಟಿದವರ ಪಟ್ಟಿ ಬರೆಯುತ್ತಿದ್ದೆ. ಮೊದಲ ಸಾಲಿನಲ್ಲಿ ನನ್ನ ಹೆಸರೇ.