ಉಸ್ತಾದರ ದೂರಿಗೆ ಎರಡನೆಯ ಸಹಿ

ಉಸ್ತಾದರ ಬಲಗೈ ಹೆಬ್ಬೆರಳ ಉಗುರು ಬೆಸುಗೆಯ ಕಾವಿಗೆ ಸುಟ್ಟು ಸುಟ್ಟು ಹುಣಸೆ ಬೀಜದ ಬಣ್ಣಕ್ಕೆ ಬಂದಿತ್ತು. ಆ ಉಗುರಿನಿಂದಲೇ ಅವರು ರೇಡಿಯೋದೊಳಗಿನ ಸಣ್ಣ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಆಗ ಕಣ್ಣು ಮುಚ್ಚಿರುತ್ತಿತ್ತು.

ನಾನು ತಂತಿ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಏಳಕ್ಕೆ ತಿಂಡಿ, ಇಂದಿಗೂ ತಪ್ಪಿಸಿಲ್ಲ. ಕಚೇರಿಯ ಟಿಕ್ ಟಿಕ್ ಇಲ್ಲದ ಹಗಲು ಸಹಿಸಲಾಗದೆ ಹವ್ಯಾಸಿ ರೇಡಿಯೋ ಪರೀಕ್ಷೆ ಬರೆದು ಪರವಾನಗಿ ಪಡೆದೆ. ಇನ್ನು ಸೆಟ್ಟು ಕೊಳ್ಳಬೇಕು. ಮೂರು ಸೆಟ್ಟುಗಳ ಗುಣಾವಗುಣಗಳನ್ನು ರೂಲು ಹಾಕಿದ ಹಾಳೆಯಲ್ಲಿ ಬರೆದುಕೊಂಡು, ಪಾರ್ವತಿನಗರದಿಂದ ಬ್ರೂಸ್‌ಪೇಟೆಗೆ ನಡೆದೇ ಹೋದೆ. ಊರಿನಲ್ಲಿ ಪರವಾನಗಿ ಇಟ್ಟುಕೊಂಡ ರೇಡಿಯೋ ರಿಪೇರಿಯವರೆಂದರೆ ಉಸ್ತಾದರೊಬ್ಬರೇ.

ಅವರು ಹಾಳೆಯನ್ನು ಪೂರ್ತಿ ಓದಿದರು. "ಅಕ್ಕಾರ, ಇದರಾಗ ವಾಟ್ ಐತಿ, ತೂಕ ಐತಿ, ಬೆಲೆ ಐತಿ. ನಿಮಗ ಏನ್ ಕೇಳಬೇಕಾಗೇತಿ ಅನ್ನೋದು ಎಲ್ಲೈತ್ರಿ?"

"ಶಾರ್ಟ್‌ವೇವ್‌ನಾಗ ದೂರದ ದೇಶ ಕೇಳಬೇಕು. ಸ್ಯಾಟಲೈಟೂ ಬೇಕು."

"ಒಂದ ಡಬ್ಬಿನಾಗ ಎರಡೂ? ಆಸಿ ಭಾಳ ಐತ್ರಿ ನಿಮ್ದು."

ಆಮೇಲೆ ವಿವರಿಸಿದರು. ಶಾರ್ಟ್‌ವೇವಿಗೆ ಸೆಟ್ಟಿನ ಬಾಯಿ ನೋಡಬಾರದು, ಕಿವಿ ನೋಡಬೇಕು. ಗದ್ದಲದ ನಡುವೆ ಸಣ್ಣ ದನಿಯನ್ನು ಆರಿಸಿ ಕೊಡುವಂಥದ್ದು ಬೇಕು. ಉಪಗ್ರಹದ ಲೆಕ್ಕ ಬೇರೆ. ನಾವು ಕಳಿಸಿದ ಮಾತು ಮೇಲಿಂದ ಮರಳಿ ಬರುವುದನ್ನು ಮಾತಾಡುತ್ತಿರುವಾಗಲೇ ಕೇಳುತ್ತ, ಉಪಗ್ರಹ ಓಡಿದಂತೆ ಗುಂಡಿ ತಿರುಗಿಸುತ್ತಿರಬೇಕು. ಅದಕ್ಕೆ ಕಳಿಸಲು ಒಂದು, ಕೇಳಲು ಒಂದು, ಎರಡು ಹಳೆಯ ಸೆಟ್ಟು ಸಾಕು. ಹೊಸತು ಬೇಡ.

ಅಷ್ಟು ಹೇಳಿ ಮಾರಿದರೇ? ಇಲ್ಲ. ಯಾರೇ ಬರಲಿ, ಒಂದು ತಿಂಗಳು ಅವರ ಸ್ಟೂಲಿನ ಮೇಲೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಕೇಳಿದ್ದನ್ನೆಲ್ಲ ಬರೆದು ತೋರಿಸಬೇಕು. ಆಮೇಲೆ ಯಾವ ಸೆಟ್ಟು ಎಂದು ಅವರು ಹೇಳುತ್ತಿದ್ದರು. ಬಹಳ ಜನ ಎರಡನೆಯ ದಿನಕ್ಕೇ ಕಾಲು ಕೀಳುತ್ತಿದ್ದರು. ನಾನು ತಿಂಗಳು ಪೂರ್ತಿ ಮುಗಿಸಿದೆ.

ಹಾಗೆ ಕೂತಿದ್ದಾಗಲೇ ಒಂದು ದಿನ ನನ್ನ ತಂಗಿಯ ಮಗ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ತಂಗಿ ಬೇಗ ತೀರಿಹೋದಳು. ಅವನನ್ನು ಸಾಕಿ ಓದಿಸಿದವಳು ನಾನು. ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದವನು, ಅದಿರಿನ ದುಡ್ಡು ಊರಿಗೆ ನುಗ್ಗಿದ ಮೇಲೆ ನಲವತ್ತು ಲಾರಿಗಳ ಧಣಿಯಾಗಿದ್ದ. ಹಿಂದೆ ನಾಲ್ಕು ಜನ. ಮೇಜಿನ ಮೇಲೆ ವಾಕಿಟಾಕಿಯಂಥ ಹನ್ನೆರಡು ಕೈಸೆಟ್ಟು ಸುರಿದ.

"ಉಸ್ತಾದ್, ಇವನ್ನ ಓಪನ್ ಮಾಡಿಕೊಡ್ರಿ, ಬೇಕಾದ ತರಂಗದಾಗ ಮಾತು ಹೋಗೋಹಂಗ. ನಮ್ ಡ್ರೈವರ್‌ಗಳು ಮಾತಾಡಾಕ."

"ಲೈಸೆನ್ಸ್ ಐತೇನ್ರಿ ಅವರಿಗೆ?"

"ಲಾರಿದು ಐತಿ." ಹಿಂದಿನವರು ಕಿಸಕ್ಕನೆ ನಕ್ಕರು.

"ಲಾರಿದು ರೋಡಿಗೆ ಆತು. ಗಾಳ್ಯಾಗ ಮಾತಾಡಾಕ ಬ್ಯಾರೆ ಬೇಕ್ರಿ."

"ಏ ಸಾಬ್ರ, ಊರೆಲ್ಲಾ ಓಡಾಕ ಹತ್ತೇತಿ, ನೀವೊಬ್ರ ನಿಂತೀರಲ್ರಿ!"

"ನಿಂತವಗ ಚೊಲೋ ಕೇಳತೈತಪ್ಪ. ತಗೊಂಡು ನಡೀರಿ."

ನಾನು ಅಲ್ಲಿಯೇ ಇದ್ದೆ. ಎದ್ದು ಕೆನ್ನೆಗೆ ಬಿಗಿಯಬೇಕಿತ್ತು. "ಹೋಗೋ ಮನಿಗೆ" ಎಂದಷ್ಟೇ ಅಂದೆ. ಮರುವಾರ ಅವನು ಮಿರಮಿರ ಮಿಂಚುವ ಒಂದು ವಿದೇಶಿ ಸೆಟ್ಟು ತಂದು "ದೊಡ್ಡವ್ವ, ನಿನಗ" ಎಂದು ಮನೆಯಲ್ಲಿ ಇಟ್ಟು ಹೋದ. ಇಟ್ಟುಕೊಂಡೆ. ಉಸ್ತಾದರು ಅದನ್ನು ನೋಡಿ ಹೇಳಿದ್ದು ಇಷ್ಟೇ: "ಎಲ್ಲಾ ಐತ್ರಿ ಇದರಾಗ. ಆದ್ರ ಮಾತಾಡೋವಾಗ ಕಿವಿ ಮುಚ್ಚಿಕೋತೈತಿ. ಸ್ಯಾಟಲೈಟಿಗೆ ಬರಂಗಿಲ್ಲ."

ಹಾಗಾಗಿ ಮೊದಲ ಸಲ ಉಪಗ್ರಹ ಹಿಡಿಯಲು ಅವರ ಸೆಟ್ಟುಗಳನ್ನೇ ಒಯ್ದೆವು. ಕುರುಗೋಡಿನಲ್ಲಿ ಮಾಡೋಣ, ಹತ್ತಿರ ಎಂದು ನಾನು ಅಂದಿದ್ದೆ. "ಅಲ್ಲಿ ಗುಡ್ಡ ಅಡ್ಡ ಬರತಾವ್ರಿ. ಸಿರುಗುಪ್ಪದಾಗ ಆಕಾಶ ನೆಲಕ್ಕ ಹತ್ತಿರತೈತಿ" ಎಂದು ತಮ್ಮ ಅಕ್ಕನ ಮನೆಗೆ ಕರೆದೊಯ್ದರು. ಸುತ್ತ ಭತ್ತದ ಗದ್ದೆ. ಬೆಳಗಿನ ಬಿಸಿಲಿನಲ್ಲಿ, ಮಾಳಿಗೆಯ ಮೇಲೆ ಅವರು ಆಂಟೆನಾ ಹಿಡಿದು ನಿಂತರು, ನಾನು ಮೈಕು ಹಿಡಿದೆ. ಕರೆದೆ. ಆಕಾಶದಿಂದ ನನ್ನದೇ ದನಿ ತುಸು ತೆಳ್ಳಗಾಗಿ ಮರಳಿ ಬಂತು. ಜೀವಮಾನವಿಡೀ ತಂತಿ ಕುಟ್ಟಿದವಳಿಗೆ ಅದು ಎಂಥ ಸುಖ ಎಂದು ಹೇಳಲಾರೆ. ಅರ್ಧ ನಿಮಿಷ ಇರಬೇಕು. ಅಷ್ಟರಲ್ಲಿ ಅದೇ ತರಂಗದ ಜಾಗದಲ್ಲಿ ಒಂದು ಕರ್ಕಶ ದನಿ ಒದರಿತು:

"ಲೇ, ಸಿರುಗುಪ್ಪ ರೋಡಿಗೆ ಬರಬ್ಯಾಡ್ರಲೇ, ಚೆಕ್ಕಿಂಗ್ ಜೀಪ್ ನಿಂತೈತಿ! ಕುರುಗೋಡ ಮ್ಯಾಲೆ ತಿರುವ್ರಿ ಗಾಡಿ!"

ಲಾರಿಯವರು ಬೇರೆ ಯಾರಿಂದಲೋ ಆ ಕೈಸೆಟ್ಟುಗಳನ್ನು ತೆರೆಸಿಕೊಂಡಿದ್ದರು. ಉಪಗ್ರಹ ದಿನದಲ್ಲಿ ಕೆಲವೇ ಸಲ, ಹತ್ತು ಹದಿನೈದು ನಿಮಿಷ ಬಂದು ಹೋಗುತ್ತದೆ. ಉಳಿದ ಹೊತ್ತು ಅಲ್ಲಿ ಸದ್ದಿಲ್ಲ. ಸದ್ದಿಲ್ಲದ ಜಾಗವೆಂದರೆ ಯಾರದೂ ಅಲ್ಲದ ಜಾಗವೆಂದು ಆ ಜನರ ತಿಳಿವಳಿಕೆ. ಗುಡ್ಡಗಳನ್ನೂ ಹೀಗೆಯೇ ಅಗೆದವರು.

ದನಿ ಯಾರದೆಂದು ನನಗೆ ಎರಡು ಮಾತಿನಲ್ಲೇ ತಿಳಿದಿತ್ತು. ಅವನಿಗೆ ಮಾತು ಕಲಿಸಿದವಳೇ ನಾನು. ಉಸ್ತಾದರಿಗೂ ತಿಳಿಯಿತು. ಅವರು ನನ್ನ ಮುಖ ನೋಡಲಿಲ್ಲ. ದಿನಾಂಕ, ಹೊತ್ತು, ತರಂಗಸಂಖ್ಯೆ, ಕೇಳಿದ ಮಾತು, ಎಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆದರು. ಮರುದಿನ ರೇಡಿಯೋ ಪರವಾನಗಿ ಕೊಡುವ ಕಚೇರಿಗೆ ದೂರಿನ ಪತ್ರ ತಯಾರಾಗಿತ್ತು. ಕೆಳಗೆ ಅವರ ಸಹಿ, ಅದರ ಪಕ್ಕ ಖಾಲಿ ಜಾಗ.

"ಕೇಳಿದವರು ಇಬ್ಬರು ಅಂದ್ರ ತೂಕ ಬರತೈತ್ರಿ, ಅಕ್ಕಾರ. ಒಬ್ಬನ ಮಾತಾದ್ರ ನನ್ನ ಮ್ಯಾಲೇ ತಿರುವತಾರ."

"ನಾಳಿ ಮಾಡತೀನ್ರಿ" ಎಂದೆ.

ಮರುದಿನ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಅವರು ಮೂರು ದಿನ ಕಾದು ಒಂಟಿ ಸಹಿಯಲ್ಲೇ ಪತ್ರ ಕಳಿಸಿದರು. ಎಂಟನೆಯ ದಿನ ನಾನು ಮನಸ್ಸು ಗಟ್ಟಿ ಮಾಡಿಕೊಂಡು ಬ್ರೂಸ್‌ಪೇಟೆಗೆ ಹೋದರೆ ಅಂಗಡಿಯ ಮೇಜು ಖಾಲಿ. ಸೆಟ್ಟು ತೆರೆದುಕೊಟ್ಟವನು ಇವನೇ ಎಂದು ಯಾರೋ ಮರುದೂರು ಕೊಟ್ಟು, ಅವರ ಎರಡೂ ಸೆಟ್ಟುಗಳನ್ನು ಜಪ್ತಿ ಮಾಡಿಸಿದ್ದರು. ಆ ಯಾರೋ ಯಾರೆಂದು ನಾನು ತಂಗಿಯ ಮಗನನ್ನು ಮನೆಗೆ ಕರೆಸಿ ಕೇಳಿದೆ. "ವ್ಯಾಪಾರ, ದೊಡ್ಡವ್ವ" ಎಂದ. ಅವನ ವಿದೇಶಿ ಸೆಟ್ಟನ್ನು ಅವನ ಕಾರಿನಲ್ಲಿ ಹಾಕಿಸಿ ಬಾಗಿಲು ಹಾಕಿಕೊಂಡೆ. ಆಮೇಲೆ ಅವನಿಗೆ ಬಾಗಿಲು ತೆರೆದಿಲ್ಲ.

ನನ್ನ ಹೇಳಿಕೆಯನ್ನು ಬರೆದು, ಅವನ ಹೆಸರು ಸಹಿತ ಕಚೇರಿಗೆ ಕೊಟ್ಟೆ. "ಇಷ್ಟು ದಿನ ಎಲ್ಲಿದ್ರಿ?" ಎಂದರು ಅಲ್ಲಿ. ಆ ಪ್ರಶ್ನೆ ಸರಿಯಾಗಿಯೇ ಇತ್ತು. ಉಸ್ತಾದರು ಮಾತ್ರ ಕೇಳಲಿಲ್ಲ. "ಬಿಡ್ರಿ ಅಕ್ಕಾರ, ಸಾಕಿದ ಕರುಳು" ಎಂದರು. ಬೈದಿದ್ದರೆ ನಾನು ಇವತ್ತು ಹೀಗೆ ಕುದಿಯುತ್ತಿರಲಿಲ್ಲ.

ಸೆಟ್ಟಿಲ್ಲದೆ ಅವರು ಇನ್ನೊಂದು ಮಳೆಗಾಲ ಬದುಕಿದ್ದರು. ಎದೆಯ ಕೆಮ್ಮು ಏರಿ ಹೋದರು. ಜಪ್ತಿಯಾದ ಸೆಟ್ಟುಗಳ ಬಿಡುಗಡೆಯ ಆದೇಶ ಅದಾದ ಮೇಲೆ ಬಂತು. ಪರವಾನಗಿ ಇರುವವರೇ ಬಂದು ಪಡೆಯಬೇಕೆಂಬ ನಿಯಮ. ಅವರ ಹೆಂಡತಿ ನನ್ನನ್ನು ಕರೆಸಿಕೊಂಡು, ಜೊತೆಗೆ ಕಚೇರಿಗೆ ಬಂದರು. ಗುಮಾಸ್ತ ರಸೀದಿ ಪುಸ್ತಕ ತೆರೆದು ಬೆರಳಿಟ್ಟ ಕಡೆಯಲ್ಲೆಲ್ಲ ಸಹಿ ಹಾಕಿದೆ, ಮೂರು ಕಡೆ.

"ಓದೇ ನೋಡಲಿಲ್ಲಲ್ರೀ ಅಮ್ಮಾರ, ಎಷ್ಟು ಲಗೂನ ಮಾಡಿದ್ರಿ!" ಎಂದು ಅವನು ನಕ್ಕ.

ಪಕ್ಕದಲ್ಲಿ ನಿಂತ ಆಕೆ ನನ್ನ ಸಹಿಯನ್ನೇ ನೋಡುತ್ತಿದ್ದರು.